ಮಾಂಸದ ಕೋಳಿಯ ಪೂರಕಾಹಾರ: ಹುಬ್ಬಳ್ಳಿ-ಧಾರವಾಡದ ಹಿತ್ತಿಲಿನಿಂದ ಒಂದು ಐತಿಹಾಸಿಕ ವಿವೇಚನೆ

‘ಪೂರಕ’ ಎಂಬ ಶಬ್ದವು ಒಂದು ಕೊರತೆಯನ್ನು ಮೊದಲೇ ಒಪ್ಪಿಕೊಂಡಿರುತ್ತದೆ. ಮಾಂಸಕ್ಕಾಗಿ ಸಾಕುವ ಕೋಳಿಗಳಿಗೆ, ಎಂದರೆ ಇಂದು ಎಲ್ಲರೂ ಬ್ರಾಯ್ಲರ್ ಎಂದು ಕರೆಯುವ ಕೋಳಿಗಳಿಗೆ, ಧಾನ್ಯ ಹಿಂಡಿಗಳ ಸಂಗಡ ಜೀವಸತ್ತ್ವ, ಖನಿಜ, ಅಮೈನೋ ಆಮ್ಲ ಮೊದಲಾದವುಗಳನ್ನು ಬೆರೆಸಿ ಕೊಡುವ ಪದ್ಧತಿಯನ್ನು ಸಾಮಾನ್ಯವಾಗಿ ಪಶುಶಾಸ್ತ್ರದ ಒಂದು ಅಧ್ಯಾಯವೆಂದು ಓದಲಾಗುತ್ತದೆ. ಅದನ್ನು ಇತಿಹಾಸದ ಅಧ್ಯಾಯವೆಂದು ಓದಲು ಹೊರಟವನು, ಕೋಳಿಗೆ ಏನನ್ನು ಕೊಡಬೇಕೆಂದು ಕೇಳುವ ಮೊದಲು ಅದರ ಪಾಲಿನಿಂದ ಏನು ಹೋಯಿತೆಂದು ಕೇಳಬೇಕಾಗುತ್ತದೆ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ನಮ್ಮ ಭಾಗದ ಒಕ್ಕಲುತನವನ್ನು ಎದುರಿಗಿಟ್ಟುಕೊಂಡು ವಿಚಾರಿಸಲಾಗಿದೆ.

ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಪ್ರದೇಶವು ಈ ವಿಚಾರಕ್ಕೆ ಅನುಕೂಲವಾದ ನೆಲ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಹೊಲಗಳು; ಅಲ್ಲಿ ಜೋಳ, ಹತ್ತಿ, ಕಡಲೆ, ಕುಸುಬೆ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರಗಳ ಅರೆಮಲೆನಾಡು, ಅಲ್ಲಿ ಭತ್ತ. ನಡುವೆ ಶೇಂಗಾ ಹಾಗೂ ಹತ್ತಿಯ ವ್ಯಾಪಾರಕ್ಕೆ ಹೆಸರಾದ ಹುಬ್ಬಳ್ಳಿಯ ಪೇಟೆ. ನುಚ್ಚು, ತೌಡು, ಹಿಂಡಿ ಇವೆಲ್ಲವೂ ಹತ್ತಿರದಲ್ಲಿಯೇ ದೊರೆಯುತ್ತಿದ್ದರೂ ಕೋಳಿಗಾಗಿ ಅವನ್ನು ಅಳೆದು ಬೆರೆಸುವ ಪರಿಪಾಠ ಇಲ್ಲಿ ಇರಲಿಲ್ಲ. ಕೋಳಿ ಹಿತ್ತಿಲಿನ ಜೀವ. ಬಹುಮಟ್ಟಿಗೆ ಮನೆಯ ಹೆಂಗಸಿನ ಸ್ವತ್ತು. ಬೆಳಗಾದೊಡನೆ ಬುಟ್ಟಿಯೆತ್ತಿ ಒಂದು ಹಿಡಿ ನುಚ್ಚು ಚೆಲ್ಲಿದರೆ ಉಳಿದುದನ್ನು ಕೋಳಿಯೇ ನೋಡಿಕೊಳ್ಳುತ್ತಿತ್ತು. ವಿಶೇಷ ಆರೈಕೆ ದೊರೆಯುತ್ತಿದ್ದುದು ಹೆಚ್ಚಾಗಿ ಕಾಳಗದ ಹುಂಜಕ್ಕೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕುಕ್ಕುಟವಿನೋದಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಮಾಂಸದ ಕೋಳಿಯ ಊಟವು ವಿದ್ವಾಂಸರ ಗಮನವನ್ನು ಸೆಳೆಯಲು ಅಲ್ಲಿಂದ ಎಂಟುನೂರು ವರ್ಷಗಳು ಬೇಕಾದವು.

ಹಿತ್ತಿಲ ಕೋಳಿಗೆ ಪೂರಕಾಹಾರ ಇರಲಿಲ್ಲವೆನ್ನುವುದು ಮೇಲ್ನೋಟದ ಮಾತು. ಬಿಸಿಲು ಬಿದ್ದ ಚರ್ಮದಲ್ಲಿ ‘ಡಿ’ ಜೀವಸತ್ತ್ವ ಸಿದ್ಧವಾಗುತ್ತಿತ್ತು. ಕುಕ್ಕಿದ ಹಸುರೆಲೆಯಿಂದ ‘ಎ’ ಸತ್ತ್ವದ ಮೂಲವಸ್ತುವೂ ‘ಕೆ’ ಸತ್ತ್ವವೂ ಬರುತ್ತಿದ್ದವು. ಗೆದ್ದಲು, ಹುಳ, ಮಿಡತೆಗಳು ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಮೊದಲಾದ ಅಮೈನೋ ಆಮ್ಲಗಳನ್ನು ಒದಗಿಸುತ್ತಿದ್ದವು. ಸುಣ್ಣದ ಹರಳು ಗೋಡೆಯ ಬುಡದಲ್ಲಿ ಸಿಗುತ್ತಿತ್ತು. ಇನ್ನು ತಿಪ್ಪೆಯಲ್ಲಿ ಏನಿತ್ತೆಂಬುದನ್ನು ಮುಂದೆ ನೋಡೋಣ. ಇಷ್ಟೆಲ್ಲ ಇದ್ದರೂ ಆ ಕೋಳಿ ಮೆಲ್ಲಗೆ ಬೆಳೆಯುತ್ತಿತ್ತು, ರೋಗ ಬಂದರೆ ಓಣಿಯ ಕೋಳಿಗಳೆಲ್ಲ ಒಟ್ಟಿಗೆ ಹೋಗುತ್ತಿದ್ದವು. ಹಳೆಯದನ್ನು ಹೊಗಳುವ ಭರದಲ್ಲಿ ಇದನ್ನು ಮರೆಯಲಾಗದು.

ಕೋಳಿಯನ್ನು ಕೇಳಿ ಮಸಾಲೆ ಅರೆಯುವರೇ ಎಂದು ನಮ್ಮಲ್ಲಿ ಗಾದೆಯುಂಟು. ಆದರೆ ಜೀವಸತ್ತ್ವಗಳ ಶೋಧದಲ್ಲಿ ಬಹುಭಾಗ ನಡೆದದ್ದು ಕೋಳಿಯನ್ನು ಕೇಳಿಯೇ. 1890ರ ದಶಕದಲ್ಲಿ ಜಾವಾ ದ್ವೀಪದ ಬಟೇವಿಯಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ಬೆರಿಬೆರಿ ರೋಗಕ್ಕೆ ಕಾರಣವಾದ ಕ್ರಿಮಿಯನ್ನು ಹುಡುಕುತ್ತಿದ್ದನು. ಪ್ರಯೋಗಶಾಲೆಯ ಕೋಳಿಗಳು ಕಾಲು ಸೋತು ಬೀಳತೊಡಗಿದವು. ಕೆಲವು ತಿಂಗಳ ಮೇಲೆ ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಲಾಗಿ, ನಡುವಿನ ಆ ಅವಧಿಯಲ್ಲಿ ಅವುಗಳಿಗೆ ಸೈನಿಕ ಆಸ್ಪತ್ರೆಯ ಅಡುಗೆಮನೆಯ ಬಿಳಿಯ ಅನ್ನವನ್ನು ಹಾಕಲಾಗಿತ್ತೆಂದೂ, ಹೊಸದಾಗಿ ಬಂದ ಅಡುಗೆಯವನು ಸೈನಿಕರ ಅನ್ನವನ್ನು ಕೋಳಿಗೆ ಕೊಡಲು ಒಪ್ಪದೆ ಹೋದಾಗ ಅವು ಗುಣವಾದುವೆಂದೂ ತಿಳಿದುಬಂತು. ತೌಡಿನಲ್ಲಿದ್ದ ಸತ್ತ್ವವು ಮೆರುಗು ಕೊಟ್ಟ ಅಕ್ಕಿಯಲ್ಲಿ ಹೋಗಿತ್ತು. ಐಕ್ಮನ್‌ನಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದೇ 1929ರಿಂದ ಕೋಪನ್‌ಹೇಗನ್ನಿನಲ್ಲಿ ಹೆನ್ರಿಕ್ ದಾಮ್ ನಡೆಸಿದ ಪ್ರಯೋಗಗಳಲ್ಲಿ ಕೊಬ್ಬಿಲ್ಲದ ಆಹಾರ ತಿಂದ ಮರಿಗಳಿಗೆ ರಕ್ತಸ್ರಾವವಾಗಿ ‘ಕೆ’ ಸತ್ತ್ವ ಬೆಳಕಿಗೆ ಬಂದಿತು. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಮರಿಗಳ ಕಾಲಿನ ಕೀಲು ಜಾರುವ ರೋಗಕ್ಕೆ ಮ್ಯಾಂಗನೀಸ್ ಕೊರತೆ ಕಾರಣವೆಂದು 1930ರ ದಶಕದಲ್ಲಿ ತೋರಿಸಿದರು.

ಇವುಗಳಲ್ಲಿ ವ್ಯಾಪಾರದ ದಿಕ್ಕನ್ನೇ ಬದಲಿಸಿದ್ದು ಕಾಡ್ ಮೀನಿನ ಯಕೃತ್ತಿನ ಎಣ್ಣೆ. ಬಿಸಿಲು ಕಾಣದ ಮರಿಗಳ ಕಾಲು ಸೊಟ್ಟಗಾಗುವುದನ್ನು ಅದರಿಂದ ತಡೆಯಬಹುದೆಂದು 1920ರ ದಶಕದ ಆರಂಭದಲ್ಲಿ ಅಮೆರಿಕೆಯ ವಿಸ್ಕಾನ್ಸಿನ್‌ನಲ್ಲಿ ತಿಳಿದುಬಂದ ಮೇಲೆ ಕೋಳಿಯನ್ನು ಚಳಿಗಾಲವಿಡೀ ಒಳಗೆ ಕೂಡಿಹಾಕುವುದು ಸಾಧ್ಯವಾಯಿತು. 1923ರಲ್ಲಿ ಡೆಲವೇರ್ ಸಂಸ್ಥಾನದ ಸೀಲಿಯಾ ಸ್ಟೀಲ್ ಎಂಬ ಗೃಹಿಣಿ 50 ಮರಿಗಳನ್ನು ತರಿಸಲು ಬರೆದಾಗ 500 ಮರಿಗಳು ಬಂದವೆಂದೂ, ಆಕೆ ಅವನ್ನು ಹಿಂದಿರುಗಿಸದೆ ಬೆಳೆಸಿ ಮಾಂಸಕ್ಕೆ ಮಾರಿದಳೆಂದೂ, ಬ್ರಾಯ್ಲರ್ ಉದ್ಯಮದ ಆರಂಭವನ್ನು ಅಲ್ಲಿಂದ ಎಣಿಸುತ್ತಾರೆ. ಗೋಡೆಯೂ ಎಣ್ಣೆಯ ಶೀಸೆಯೂ ಹೀಗೆ ಒಂದೇ ಕಾಲದಲ್ಲಿ ಬಂದವು.

ಈಗ ತಿಪ್ಪೆಗೆ ಬರೋಣ. ಕಾಳು ಹಿಂಡಿಗಳಿಂದಲೇ ಬೆಳೆಸಿದ ಮರಿಗಳು, ಗೊತ್ತಿದ್ದ ಸತ್ತ್ವಗಳನ್ನೆಲ್ಲ ಕೊಟ್ಟರೂ, ಮೀನಿನ ಪುಡಿಯನ್ನೋ ಯಕೃತ್ತಿನ ಸಾರವನ್ನೋ ಕೊಟ್ಟ ಮರಿಗಳಷ್ಟು ಬೆಳೆಯುತ್ತಿರಲಿಲ್ಲ. ಈ ಅಜ್ಞಾತ ವಸ್ತುವಿಗೆ ‘ಪ್ರಾಣಿಜನ್ಯ ಸಸಾರಜನಕದ ಅಂಶ’ ಎಂಬ ಹೆಸರಿತ್ತು. ಬಹುದಿನ ತೆಗೆಯದೆ ಬಿಟ್ಟ ಹಿಕ್ಕೆ ಬೆರೆತ ಹಾಸಿನ ಮೇಲೆ ಬೆಳೆದ ಕೋಳಿಗಳಿಗೆ ಆ ಕೊರತೆ ಬಾಧಿಸುವುದಿಲ್ಲವೆಂಬುದು 1940ರ ದಶಕದಲ್ಲಿ ಓಹಾಯೊದ ಪ್ರಯೋಗಗಳಿಂದ ಕಂಡುಬಂತು. 1948ರಲ್ಲಿ ‘ಬಿ-12’ ಸತ್ತ್ವ ಶುದ್ಧರೂಪದಲ್ಲಿ ದೊರೆತಾಗ ಒಗಟು ಒಡೆಯಿತು. ಅದನ್ನು ಗಿಡವೂ ಮಾಡದು, ಪ್ರಾಣಿಯೂ ಮಾಡದು. ಮಣ್ಣಿನಲ್ಲಿ, ಸಗಣಿಯಲ್ಲಿ, ಕರುಳಿನಲ್ಲಿ ಇರುವ ಸೂಕ್ಷ್ಮಜೀವಿಗಳೇ ಮಾಡಬೇಕು. ತಿಪ್ಪೆ ಕೆದರುವ ಕೋಳಿ ಕೆದರುತ್ತಿದ್ದುದು ಕಾಳನ್ನಷ್ಟೇ ಆಗಿರಲಿಲ್ಲ. ಒಂದು ಟನ್ ಆಹಾರಕ್ಕೆ ಬೇಕಾಗುವ ಬಿ-12 ಸುಮಾರು 10 ಮಿಲಿಗ್ರಾಂ ಮಾತ್ರ.

ಈ ಹಂತದವರೆಗೆ ಪೂರಕದ ಇತಿಹಾಸ ಸರಳವಾದುದು. ಅಂಗಳವು ಕೊಡುತ್ತಿದ್ದುದನ್ನು ಒಂದೊಂದಾಗಿ ಗುರುತಿಸಿ, ಗೋಡೆಯೊಳಗಿನ ಕೋಳಿಗೆ ಡಬ್ಬಿಯಿಂದ ಹಿಂದಿರುಗಿಸಿದ ಕಥೆ ಅದು. ಕಥೆ ತಿರುವು ಪಡೆದದ್ದು ನ್ಯೂಯಾರ್ಕ್ ಬಳಿಯ ಲೆಡರ್ಲೆ ಪ್ರಯೋಗಶಾಲೆಯಲ್ಲಿ. ಅಲ್ಲಿ ಸಂಶೋಧನ ವಿಭಾಗದ ನಿರ್ದೇಶಕರಾಗಿದ್ದವರು ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರ ಕಾಲದಲ್ಲಿಯೇ ಬೆಂಜಮಿನ್ ಡಗ್ಗರ್, ಮಿಸೂರಿ ಸಂಸ್ಥಾನದ ಒಂದು ಪ್ರಯೋಗಕ್ಷೇತ್ರದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಆರಿಯೋಮೈಸಿನ್ ಎಂಬ ಪ್ರತಿಜೈವಿಕವನ್ನು ಪಡೆದನು. ಸುಬ್ಬರಾವ್ 1948ರ ಆಗಸ್ಟಿನಲ್ಲಿ ತೀರಿಕೊಂಡರು. ಅದೇ ವರ್ಷದ ಕೊನೆಗೆ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಎಂಬವರು, ಔಷಧವನ್ನು ತೆಗೆದ ಮೇಲೆ ಉಳಿಯುವ ಗಷ್ಟನ್ನು ಬಿ-12 ಮೂಲವೆಂದು ತಿಳಿದು ಮರಿಗಳಿಗೆ ತಿನ್ನಿಸಿದರು. ಮರಿಗಳು ಬಿ-12ರಿಂದ ನಿರೀಕ್ಷಿಸಬಹುದಾದುದಕ್ಕಿಂತ ಹೆಚ್ಚಾಗಿ ತೂಗಿದವು. ಗಷ್ಟಿನಲ್ಲಿ ಉಳಿದಿದ್ದ ಔಷಧವೇ ಇದಕ್ಕೆ ಕಾರಣವೆಂದು ಗೊತ್ತಾಯಿತು. 1950ರಲ್ಲಿ ಸುದ್ದಿ ಪ್ರಕಟವಾದ ಮೇಲೆ ಪ್ರತಿಜೈವಿಕಗಳು ಕೋಳಿಯ ಗೋದಲಿಗೆ ಚೀಲಗಟ್ಟಲೆ ಬಂದವು, ‘ಪೂರಕ’ವೆಂಬ ಹಳೆಯ ಹೆಸರಿನಲ್ಲಿಯೇ.

ಆದರೆ ಕೋಳಿಗೆ ಆರಿಯೋಮೈಸಿನ್ನಿನ ಕೊರತೆ ಎಂಬುದೊಂದು ಇಲ್ಲ. 1950ರ ದಶಕದಿಂದ ಇಂಗ್ಲೆಂಡಿನಲ್ಲಿ ನಡೆದ ಪ್ರಯೋಗಗಳಲ್ಲಿ ಹೊಸ, ಶುಚಿಯಾದ ಮನೆಯಲ್ಲಿ ಬೆಳೆದ ಮರಿಗಳಿಗೆ ಪ್ರತಿಜೈವಿಕದಿಂದ ಆದ ಲಾಭ ಅತ್ಯಲ್ಪ. ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಮರಿಗಳಿಗೆ ಲಾಭವೇ ಇಲ್ಲ. ಆ ವಸ್ತು ತುಂಬುತ್ತಿದ್ದುದು ನೈರ್ಮಲ್ಯದ ಕೊರತೆಯನ್ನು. ಕೋಳಿಯ ಕೊರತೆಯನ್ನು ತುಂಬುವುದು ಒಂದು, ಕೋಳಿಮನೆಯ ಕೊರತೆಯನ್ನು ಮುಚ್ಚುವುದು ಇನ್ನೊಂದು. ಎರಡನ್ನೂ ಒಂದೇ ಶಬ್ದದಿಂದ ಕರೆದದ್ದು ಈ ವಿಷಯದ ಬಹು ದೊಡ್ಡ ಗೊಂದಲವೆಂದು ಪ್ರಸ್ತುತ ಲೇಖಕನ ಅಭಿಪ್ರಾಯ. ಪೂರಕಗಳ ಮಹಿಮೆಯನ್ನು ಉತ್ಪ್ರೇಕ್ಷಿಸುವವರೂ ಒಂದು ಪ್ರಯೋಗವನ್ನು ನೆನೆಯಬೇಕು. 1957ರ ತಳಿಯ ಕೋಳಿಗೆ 1957ರ ಆಹಾರವನ್ನೂ, 2001ರ ತಳಿಗೆ 2001ರ ಆಹಾರವನ್ನೂ ಕೊಟ್ಟು ಅಮೆರಿಕೆಯ ಉತ್ತರ ಕೆರೊಲಿನಾದಲ್ಲಿ ಬೆಳೆಸಿದಾಗ 42 ದಿನಗಳಿಗೆ ಮೊದಲಿನದು 539 ಗ್ರಾಂ, ಎರಡನೆಯದು 2,672 ಗ್ರಾಂ ತೂಗಿತು. ತಳಿ ಮತ್ತು ಆಹಾರಗಳನ್ನು ಅದಲುಬದಲು ಮಾಡಿ ನೋಡಿದಾಗ ಈ ಅಂತರದಲ್ಲಿ ಪ್ರತಿಶತ 85ರಿಂದ 90ರಷ್ಟು ತಳಿಯ ಫಲ, ಉಳಿದದ್ದು ಮಾತ್ರ ಆಹಾರದ ಫಲ ಎಂದು ತೀರ್ಮಾನವಾಯಿತು.

ನಮ್ಮ ಭಾಗಕ್ಕೆ ಈ ವಿದ್ಯೆ ತಡವಾಗಿ ಬಂತು. 1947ರಲ್ಲಿ ಧಾರವಾಡದಲ್ಲಿ ಕೃಷಿ ಮಹಾವಿದ್ಯಾಲಯ ಸ್ಥಾಪನೆಯಾದಾಗ ಜಿಲ್ಲೆಯಿನ್ನೂ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಏಕೀಕರಣದ ತರುವಾಯ ಬೆಂಗಳೂರಿನ ಸಮೀಪದ ಹೆಸರಘಟ್ಟವು ಕೋಳಿ ಸಾಕಣೆಯ ಶಿಕ್ಷಣಕ್ಕೆ ಕೇಂದ್ರವಾಯಿತು. ಆಹಾರದ ಮುಖ್ಯ ಸಾಮಗ್ರಿಯಾದರೋ ಹೊಲದಿಂದಲೇ ಬಂತು. 1961ರಲ್ಲಿ ಬಿಡುಗಡೆಯಾದ ಭಾರತದ ಮೊದಲ ಸಂಕರ ಗೋವಿನಜೋಳಗಳಲ್ಲಿ ಒಂದಕ್ಕೆ ‘ಡೆಕ್ಕನ್’ ಎಂದೇ ಹೆಸರು. ಮುಂದೆ ದಾವಣಗೆರೆ, ಹಾವೇರಿ, ಧಾರವಾಡಗಳ ಮಳೆಯಾಶ್ರಿತ ಹೊಲಗಳಲ್ಲಿ ಗೋವಿನಜೋಳ ಹಬ್ಬಿದ್ದಕ್ಕೆ ಕೋಳಿಯ ಹಸಿವು ಒಂದು ಪ್ರಬಲ ಕಾರಣ. ಮನುಷ್ಯರು ರೊಟ್ಟಿಗೆ ಬಿಳಿಜೋಳವನ್ನೇ ಬಯಸುವ ನಾಡಿನಲ್ಲಿ ಇನ್ನೊಂದು ಜೋಳ ಇಷ್ಟು ನೆಲವನ್ನು ಆಕ್ರಮಿಸಿದ್ದು ಗಮನಾರ್ಹ.

ಸಸಾರಜನಕಕ್ಕೆ ಮೊದಲು ಇದ್ದದ್ದು ಶೇಂಗಾಹಿಂಡಿ. ಅದರಲ್ಲಿ ಲೈಸಿನ್, ಮೀಥಿಯೊನಿನ್ ಎರಡೂ ಕಡಿಮೆ. ಮೀನಿನ ಪುಡಿ ಬೆರೆತರೆ ಸರಿಹೋಗುತ್ತಿತ್ತು. ಅದಕ್ಕಿಂತ ದೊಡ್ಡ ಅಪಾಯ ಬೂಷ್ಟಿನದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಸತ್ತಾಗ ಬ್ರೆಜಿಲ್‌ನಿಂದ ಬಂದ ಶೇಂಗಾಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಪತ್ತೆಯಾಯಿತು. 1966ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿಯೂ ಅದೇ ವಿಷ ಸೇರಿದ ಶೇಂಗಾಹಿಂಡಿಯಿಂದ ಎರಡು ಸಾವಿರಕ್ಕೂ ಮಿಕ್ಕಿ ಮರಿಗಳು ಸತ್ತವು. ಮರಿಗಳ ಯಕೃತ್ತನ್ನು ಕೆಡಿಸುವ ಈ ವಿಷ ಕಾಯಿಸಿದರೂ ಸುಲಭವಾಗಿ ಹೋಗುವುದಿಲ್ಲ. ಕ್ರಮೇಣ ಶೇಂಗಾದ ಸ್ಥಾನಕ್ಕೆ ಸೋಯಾ ಅವರೆಯ ಹಿಂಡಿ ಬಂತು. ಧಾರವಾಡ, ಬೆಳಗಾವಿ, ಬೀದರ ಜಿಲ್ಲೆಗಳ ಒಕ್ಕಲಿಗರು ಆ ಬೆಳೆಯನ್ನು ಕೈಗೊಂಡರು. ಸೋಯಾದಲ್ಲಿ ಲೈಸಿನ್ ಧಾರಾಳ, ಮೀಥಿಯೊನಿನ್ ಕಡಿಮೆ. ಆ ಒಂದನ್ನು ಮಾತ್ರ ಕಾರ್ಖಾನೆಯಿಂದ ತಂದು ಹಾಕಿದರೆ ಮೀನನ್ನು ಬಿಡಬಹುದಾಯಿತು. ಇಂದಿನ ಬ್ರಾಯ್ಲರ್ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಗೋವಿನಜೋಳ, ಸುಮಾರು ಮೂರರಲ್ಲೊಂದು ಪಾಲು ಸೋಯಾಹಿಂಡಿ. ಮಿಕ್ಕಿದ್ದು ಎಣ್ಣೆ, ಸುಣ್ಣ, ರಂಜಕ, ಉಪ್ಪು ಮತ್ತು ಪೂರಕ.

1990ರ ದಶಕದಿಂದ ಒಪ್ಪಂದದ ಸಾಕಣೆ ಕೊಯಿಮತ್ತೂರಿನ ಕಡೆಯಿಂದ ದಕ್ಷಿಣದ ರಾಜ್ಯಗಳಿಗೆ ಹರಡಿತು. ಮರಿ, ಆಹಾರ, ಔಷಧ ಕಂಪನಿಯವು. ಮನೆ, ನೀರು, ವಿದ್ಯುತ್ತು, ದುಡಿಮೆ ಒಕ್ಕಲಿಗನವು. ತೂಕಕ್ಕೆ ಇಷ್ಟು ಎಂದು ಕೂಲಿ. ತಿಂದ ಆಹಾರಕ್ಕೂ ಬಂದ ತೂಕಕ್ಕೂ ಇರುವ ಪ್ರಮಾಣವನ್ನು ನೋಡಿ ಅದರಲ್ಲಿ ಏರಿಳಿತ. ಐದಾರು ವಾರಗಳಲ್ಲಿ ಕೋಳಿ ಎರಡು ಕಿಲೋ ಮುಟ್ಟುತ್ತದೆ. ಬೆಲೆಯ ಏರಿಳಿತದ ಭಾರ ಒಕ್ಕಲಿಗನ ತಲೆಯಿಂದ ಇಳಿದದ್ದು ನಿಜವಾದ ಲಾಭ. ಹೋದದ್ದು ಕೋಳಿಯ ಊಟದ ತಿಳಿವಳಿಕೆ. ಮೂರು ಬೆರಳಲ್ಲಿ ನುಚ್ಚಿನ ಗುಣವನ್ನು ಹೇಳಬಲ್ಲವನು ಚೀಲದೊಳಗಿನ ಮಿಶ್ರಣವನ್ನು ನಿರ್ಣಯಿಸುವ ಸ್ಥಾನದಲ್ಲಿಲ್ಲ. ಅದರಲ್ಲಿ ಜೀವಸತ್ತ್ವವಿದೆಯೋ ಪ್ರತಿಜೈವಿಕವಿದೆಯೋ ಕಣ್ಣಿಗೆ ಕಾಣುವುದೂ ಇಲ್ಲ. ಹಿತ್ತಿಲ ಸಾಕಣೆಗೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು 1980ರ ದಶಕದ ಕೊನೆಗೆ ಹೆಬ್ಬಾಳದಲ್ಲಿ ರೂಪಿಸಿದ ‘ಗಿರಿರಾಜ’ ತಳಿ ಈ ದಾರಿಗೆ ಹೊರತಾದ ಒಂದು ಪ್ರಯತ್ನ.

ಗೊಂದಲದ ಬೆಲೆಯನ್ನು ಕೊನೆಗೆ ತೆತ್ತದ್ದು ಮನುಷ್ಯರ ಆಸ್ಪತ್ರೆಗಳು. ಅಲ್ಪ ಪ್ರಮಾಣದಲ್ಲಿ ದಿನವೂ ಔಷಧ ತಿಂದ ಕೋಳಿಯ ಕರುಳಿನಲ್ಲಿ ಔಷಧಕ್ಕೆ ಮಣಿಯದ ರೋಗಾಣುಗಳು ಉಳಿದು ಬೆಳೆಯುತ್ತವೆ. ಸ್ವೀಡನ್ 1986ರಲ್ಲಿ, ಐರೋಪ್ಯ ಒಕ್ಕೂಟವು 2006ರಲ್ಲಿ ಬೆಳವಣಿಗೆಗಾಗಿ ಪ್ರತಿಜೈವಿಕ ಕೊಡುವುದನ್ನು ನಿಲ್ಲಿಸಿದವು. ಬೇರೆ ಮದ್ದು ನಾಟದ ರೋಗಿಗಳಿಗೆ ವೈದ್ಯರು ಕೊನೆಯ ಆಸರೆಯಾಗಿ ಕೊಡುವ ಕೊಲಿಸ್ಟಿನ್‌ಗೂ ಮಣಿಯದ, ಒಂದು ರೋಗಾಣುವಿನಿಂದ ಇನ್ನೊಂದಕ್ಕೆ ದಾಟಬಲ್ಲ ಗುಣಾಣುವೊಂದು 2015ರಲ್ಲಿ ಚೀನದಲ್ಲಿ ವರದಿಯಾಯಿತು. 2019ರ ಜುಲೈ ತಿಂಗಳಲ್ಲಿ ಭಾರತ ಸರ್ಕಾರವು ಆಹಾರಕ್ಕಾಗಿ ಸಾಕುವ ಪ್ರಾಣಿಗಳು, ಕೋಳಿಗಳು, ಮೀನುಗಳು ಹಾಗೂ ಪಶುಗಳ ಪೂರಕಾಹಾರಕ್ಕಾಗಿ ಕೊಲಿಸ್ಟಿನ್ ತಯಾರಿಸಿ ಮಾರುವುದನ್ನು ನಿಷೇಧಿಸಿತು.

ಪ್ರತಿಜೈವಿಕದ ಸ್ಥಾನಕ್ಕೆ ಈಗ ಬಂದಿರುವ ವಸ್ತುಗಳಲ್ಲಿ ಮುಖ್ಯವಾದುದು ಉಪಕಾರಿ ಸೂಕ್ಷ್ಮಜೀವಿಗಳ ಪುಡಿ. ಇದರ ಹಿಂದಿರುವುದು 1973ರಲ್ಲಿ ಫಿನ್ಲೆಂಡಿನ ಎಸ್ಕೊ ನೂರ್ಮಿ ಪ್ರಕಟಿಸಿದ ಪ್ರಯೋಗ. ಯಂತ್ರದಲ್ಲಿ ಒಡೆದ ಮರಿಗೆ ತಾಯಿಯಿಲ್ಲ, ಅದರ ಕರುಳು ಬರಿದು. ದೊಡ್ಡ ಕೋಳಿಯ ಕರುಳಿನ ಜೀವಾಣುಗಳನ್ನು ಮೊದಲ ದಿನವೇ ಅದಕ್ಕೆ ಕುಡಿಸಿದರೆ ಸಾಲ್ಮೊನೆಲ್ಲಾ ರೋಗಾಣುಗಳಿಗೆ ಅಲ್ಲಿ ನೆಲೆ ಸಿಗುವುದಿಲ್ಲ ಎಂದು ಆತನು ತೋರಿಸಿದನು. ಹೇಂಟೆಯ ಬೆನ್ನ ಹಿಂದೆ ತಿಪ್ಪೆಯ ಕಡೆಗೆ ಹೊರಟ ಮರಿಗೆ ಇವು ಮೊದಲ ದಿನವೇ ದೊರೆಯುತ್ತಿದ್ದವು. ಈಗ ಅಂಥ ಜೀವಾಣುಗಳು ಪೊಟ್ಟಣದಲ್ಲಿ ಬರುತ್ತವೆ, ಕುಡಿಯುವ ನೀರಿಗೆ ಬೆರೆಸಿ ಕೊಡಲು.