ಹಂಚಿ ತರುವ ಕಡತ: ನಂಬಿಕೆಯ ಚರಿತ್ರೆ

ದೊಡ್ಡ ಕಡತವನ್ನು ಎಲ್ಲರೂ ಒಂದೇ ಕೇಂದ್ರದಿಂದ ಇಳಿಸಿಕೊಳ್ಳಹೊರಟರೆ ಭಾರವೆಲ್ಲ ಆ ಕೇಂದ್ರದ ಮೇಲೆಯೇ ಬೀಳುತ್ತದೆ. 1999ರಲ್ಲಿ ಅಮೆರಿಕದಲ್ಲಿ ಹುಟ್ಟಿದ ನ್ಯಾಪ್‌ಸ್ಟರ್, ಬಳಕೆದಾರರ ಕಂಪ್ಯೂಟರುಗಳಿಂದಲೇ ಪರಸ್ಪರ ಹಾಡುಗಳನ್ನು ಕೊಡಿಸಿತು. ಆದರೆ ಅದರ ಸೂಚಿಪಟ್ಟಿ ಮಾತ್ರ ಕಂಪನಿಯ ಕೈಯಲ್ಲಿತ್ತು. ಹಕ್ಕುಸ್ವಾಮ್ಯದ ಮೊಕದ್ದಮೆಯ ಫಲವಾಗಿ 2001ರಲ್ಲಿ ಅದು ನಿಂತಾಗ ಇಡೀ ವ್ಯವಸ್ಥೆಯೇ ನಿಂತಿತು.

ಅದೇ ವರ್ಷದ ಜುಲೈ ತಿಂಗಳಲ್ಲಿ ಬ್ರಾಮ್ ಕೊಹೆನ್ ಬಿಟ್‌ಟೊರೆಂಟನ್ನು ಹೊರತಂದರು. ಇದರಲ್ಲಿ ಕಡತವನ್ನು ತುಂಡುಗಳಾಗಿ ವಿಭಜಿಸಲಾಗುತ್ತದೆ. ಪ್ರತಿ ತುಂಡಿಗೂ ಗಣಿತದಿಂದ ಪಡೆದ ಒಂದು ಮುದ್ರೆಯುಂಟು. ಬಂದ ತುಂಡು ಮುದ್ರೆಗೆ ಹೊಂದದಿದ್ದರೆ ಅದನ್ನಷ್ಟೇ ತಿರಸ್ಕರಿಸಿ ಮತ್ತೆ ತರಿಸಲಾಗುತ್ತದೆ. ಅಪರೂಪದ ತುಂಡುಗಳಿಗೆ ಆದ್ಯತೆ. ಪಡೆಯುವವನು ಪಡೆಯುತ್ತಲೇ ಇತರರಿಗೂ ಕೊಡುತ್ತಾನೆ. ಹನಿಗೂಡಿ ಹಳ್ಳವೆಂಬಂತೆ, ಜನ ಹೆಚ್ಚಿದಷ್ಟೂ ಬಲ ಹೆಚ್ಚು. ಲಿನಕ್ಸ್‌ನಂತಹ ಮುಕ್ತ ತಂತ್ರಾಂಶಗಳು ಈ ಮಾರ್ಗದಲ್ಲಿ ನ್ಯಾಯಬದ್ಧವಾಗಿಯೇ ಹಂಚಿಕೆಯಾಗುತ್ತವೆ.

ಮುದ್ರೆಗೂ ಮಿತಿಯುಂಟು. ಎಸ್‌ಎಚ್‌ಎ-1 ಎಂಬ ಹಳೆಯ ವಿಧಾನದಲ್ಲಿ ಎರಡು ಭಿನ್ನ ಕಡತಗಳಿಗೆ ಒಂದೇ ಮುದ್ರೆ ಬರಬಹುದೆಂದು ಸಂಶೋಧಕರು 2017ರಲ್ಲಿ ತೋರಿಸಿದರು. ಬಿಟ್‌ಟೊರೆಂಟಿನ ಎರಡನೆಯ ಆವೃತ್ತಿ ಎಸ್‌ಎಚ್‌ಎ-256ನ್ನು ಅವಲಂಬಿಸಿದೆ. ಮೂಲದಲ್ಲೇ ದುಷ್ಟ ಕಡತವಿದ್ದರಂತೂ ಯಾವ ಮುದ್ರೆಯೂ ಅದನ್ನು ಹಿಡಿಯಲಾರದು.

ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ. ಪಡೆದವರೆಲ್ಲ ಎದ್ದುಹೋದರೆ ಕೊನೆಯ ಒಂದು ತುಂಡು ಸಿಗದೆ ಕಡತ ಅಪೂರ್ಣವಾಗಿಯೇ ಉಳಿಯುತ್ತದೆ. ತಮ್ಮ ಕೆಲಸ ಮುಗಿದ ಮೇಲೂ ಉಳಿದು ಕೊಡುವ ನಾಲ್ಕು ಜನ ಬೇಕು. ಪರವೂರಿನಲ್ಲಿ ಸಂಘ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.