ಚಿನ್ನದ ಸೀಮೆಯ ಚರಿತ್ರೆಯೂ ಮಕ್ಕಳ ಕಥಾರಚನೆಯೂ

ಕಥೆಯನ್ನು ಕೇಳಬಲ್ಲ ಮಗುವೆಲ್ಲ ಕಥೆಯನ್ನು ಕಟ್ಟಬಲ್ಲುದೆಂದು ಹೇಳಲಾಗದು. ಬರೆಯೆಂದರೆ ಅದು “ಒಂದಾನೊಂದು ಊರಿನಲ್ಲಿ” ಎಂದು ತೊಡಗಿ, “ಆಮೇಲೆ, ಆಮೇಲೆ” ಎಂದು ಸಂಗತಿಗಳನ್ನು ಪೋಣಿಸುತ್ತ, ಹಾಳೆ ಮುಗಿದಲ್ಲಿ ಕಥೆಯನ್ನೂ ಮುಗಿಸುವುದು. ಇದನ್ನು ತಿದ್ದಲು ಸೂತ್ರಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಮಗುವಿನ ಕಾಲ ಕೆಳಗಿನ ನೆಲದ ಚರಿತ್ರೆಯನ್ನು ಮುಂದಿಡುವುದು ಲೇಸೆಂದು ನಮಗೆ ತೋರುವುದು. ಕೋಲಾರದ ಚಿನ್ನದ ಗಣಿಗಳ ಸೀಮೆಯಲ್ಲಿಯೂ ನೆರೆಯ ಬಂಗಾರಪೇಟೆಯಲ್ಲಿಯೂ ಇದಕ್ಕೆ ಸಾಮಗ್ರಿ ಹೇರಳವಾಗಿದೆ.

1802ರಲ್ಲಿ ಮೈಸೂರು ಸೀಮೆಯ ಮೂಡಣ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್ನನು ಇಲ್ಲಿ ಚಿನ್ನವಿರುವುದೆಂಬ ವದಂತಿಯನ್ನು ಕೇಳಿ, ತೋರಿಸಿದವರಿಗೆ ಬಹುಮಾನವೆಂದನು. ಊರಿಗಾಮಿನ ಜನರು ಗಾಡಿಯಲ್ಲಿ ಮಣ್ಣು ತುಂಬಿ ತಂದು, ಅವನೆದುರಿಗೇ ತೊಳೆದು, ಚಿನ್ನದ ಕಣಗಳನ್ನು ತೋರಿಸಿದರು. ಎಷ್ಟೋ ವರ್ಷಗಳ ಬಳಿಕ, ಬೆಂಗಳೂರಿನ ದಂಡಿನಲ್ಲಿ ನೆಲಸಿದ್ದ ಲವೆಲ್ಲನೆಂಬ ನಿವೃತ್ತ ಸಿಪಾಯಿಯು ವಾರನ್ನನ ಬರೆಹವನ್ನೋದಿ, 1871ರಲ್ಲಿ ಎತ್ತಿನ ಗಾಡಿಯೇರಿ ಕೋಲಾರದತ್ತ ಹೊರಟನು. 1875ರಲ್ಲಿ ಅಪ್ಪಣೆ ದೊರೆಯಿತು, ಹಣ ದೊರೆಯಲಿಲ್ಲ. ಹಕ್ಕು ಪರರ ಕೈ ಸೇರಿತು. 1880ರಲ್ಲಿ ಜಾನ್ ಟೇಲರ್ ಮತ್ತು ಸನ್ಸ್ ಕಂಪನಿಯವರು ಬಂದರು. ಅವರ ಬಂಡವಾಳವೂ ಕರಗುತ್ತ ಬಂದಿತು. ಇನ್ನು ಮುಚ್ಚುವುದೇ ಸರಿಯೆಂಬ ಹೊತ್ತಿನಲ್ಲಿ ಪ್ಲಮರನೆಂಬ ಗಣಿಗಾರನು ಪೂರ್ವಿಕರು ತೋಡಿದ್ದ ಹಳೆಯ ಗುಂಡಿಗಳ ಜಾಡು ಹಿಡಿದಿಳಿದು ಛಾಂಪಿಯನ್ ಚಿನ್ನದ ಪದರವನ್ನು ಕಂಡನು.

ಇಷ್ಟನ್ನು ಹೇಳಿ, ಬರೆಯುವ ಮುನ್ನ ಹಲಗೆಯ ಮೇಲೆ ಮೂರೇ ಮಾತು ಗುರುತಿಸೆನ್ನಬೇಕು: ಯಾರಿಗೆ ಏನು ಬೇಕಾಗಿತ್ತು? ಅಡ್ಡ ಬಂದುದೇನು? ಕಡೆಗೆ ಬದಲಾದುದೇನು? ಲವೆಲ್ಲನನ್ನು ನಾಯಕನಾಗಿಸಿದರೆ ಕಥೆ ಗಾಡಿಯ ಪಯಣದಿಂದ ತೊಡಗಿ ಬರಿಗೈಯಲ್ಲಿ ಮುಗಿಯುವುದು. ಪ್ಲಮರನಾದರೆ ಹಿಂದಿನ ಎಂಬತ್ತು ವರ್ಷವೂ ಎರಡು ವಾಕ್ಯಕ್ಕೆ ಇಳಿಯುವುದು. ಬಿಡಬೇಕಾದುದನ್ನು ಬಿಡುವುದೇ ಮಕ್ಕಳಿಗೆ ಕಷ್ಟ; ದೊಡ್ಡವರಿಗೇನು ಕಡಿಮೆ ಕಷ್ಟವಲ್ಲ.

ಊರಿಗಾಮಿನವರ ಕಣ್ಣಿನಿಂದ ಕಂಡರಂತೂ ಕಥೆಯ ಹುರುಳೇ ಬೇರೆ. ವಾರನ್ನನಿಗೆ ಅದು ಶೋಧವಾಗಿದ್ದಿತು. ಮಣ್ಣು ತೊಳೆದವರಿಗೆ ಬಹುಕಾಲದಿಂದ ತಿಳಿದ ವಿದ್ಯೆ. ಅವರಿಗೆ ಬೇಕಾಗಿದ್ದುದು ಬಹುಮಾನ, ಹೋದುದು ಗುಟ್ಟು. ನಾವು ಹೇಳುವ ಚರಿತ್ರೆಯಲ್ಲಿ ಅವರ ಹೆಸರುಗಳಿಲ್ಲ. ಹೆಸರಿಡುವ ಕೆಲಸವನ್ನು ಮಗುವಿಗೆ ಬಿಟ್ಟುನೋಡಿರಿ. ಕಥೆಯನ್ನು ಯಾರು ಹೇಳುತ್ತಿರುವರೆಂಬುದೂ ರಚನೆಯ ಒಂದು ಅಂಗವೆಂದು ಅದು ತಾನಾಗಿ ಅರಿಯುವುದು. ನೆರೆಯ ಮಾಲೂರು ತಾಲ್ಲೂಕಿನ ಮಾಸ್ತಿಯವರು ತಮಗೆ ಕಥೆ ಹೇಗೆ ದೊರೆಯಿತೆಂಬುದನ್ನೇ ಎಷ್ಟೋ ಕಡೆ ಕಥೆಯ ಬಾಗಿಲಾಗಿ ಮಾಡಿಕೊಂಡಿದ್ದಾರೆ. ಅವರ ‘ಕೆಲವು ಸಣ್ಣ ಕಥೆಗಳು’ ಹೊರಬಂದುದು 1920ರಲ್ಲಿ.

ಇನ್ನೊಂದು ತೊಡಕುಂಟು. ಗಣಿಯ ಸಾಲುಮನೆಗಳ ಎಷ್ಟೋ ಮಕ್ಕಳು ಮನೆಯಲ್ಲಿ ತಮಿಳನ್ನೋ ತೆಲುಗನ್ನೋ ಆಡಿ, ಶಾಲೆಯಲ್ಲಿ ಕನ್ನಡವನ್ನು ಬರೆಯುವವರು. ಕಥೆಯ ಹಂದರವನ್ನು ಮನೆಮಾತಿನಲ್ಲಿಯೇ ಬಾಯಿಂದ ಹೇಳಿಸಿ, ಅನಂತರ ಕನ್ನಡಕ್ಕಿಳಿಸಗೊಡಬೇಕು. ಇಲ್ಲದಿದ್ದರೆ ಕಾಗುಣಿತದ ಭಯದಲ್ಲಿ ಕಥೆ ಸಾಯುವುದು. ಪಾತಾಳದಲ್ಲಿ ಬಂಡೆ ಸಿಡಿದು ಮಡಿದ ಅಜ್ಜಂದಿರ ಸುದ್ದಿ ಆ ಮನೆಮಾತುಗಳಲ್ಲಿಯೇ ಇದೆ. ಅದನ್ನು ಬಲ್ಲ ಮುದುಕರು ವರ್ಷವರ್ಷಕ್ಕೂ ವಿರಳರಾಗುತ್ತಿದ್ದಾರೆ.

ಮುಗಿತಾಯವೆಲ್ಲಿ? ಗಣಿಗಳು ಮುಚ್ಚಿದುದು 2001ರ ಫೆಬ್ರವರಿ 28ರಂದು. ಹಲವರು ಅಲ್ಲಿಯೇ ನಿಲ್ಲಿಸುವರು. ಆದರೆ ಬೆಳಗಿನ ಜಾವದಲ್ಲಿ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುವ ರೈಲಿನಲ್ಲಿ ತಂದೆಯನ್ನು ಕಳುಹಿಸಿಕೊಡುವ ಹುಡುಗಿಗೆ, ಆ ದಿನವೇ ಕಥೆಯ ಮೊದಲ ವಾಕ್ಯವಾಗಬಹುದು.