ತೂಕಮಾನ ಪರಿವರ್ತನೆ: ಗ್ರಾಮಿನಿಂದ ಗುಂಜಿಗೆ

ಗ್ರಾಂ, ಕಿಲೊಗ್ರಾಂ, ಕ್ವಿಂಟಲುಗಳಲ್ಲಿ ಹೇಳಿದ ತೂಕವನ್ನು ಗುಂಜಿ, ತೊಲ, ಸೇರು, ಮಣ, ಪಲ ಮೊದಲಾದ ಹಳೆಯ ಮಾನಗಳಲ್ಲಿ ಎಷ್ಟಾಗುತ್ತದೆಂದು ಕಂಡುಹಿಡಿಯುವ ಲೆಕ್ಕವೇ ತೂಕಮಾನ ಪರಿವರ್ತನೆ. ಈ ಲೆಕ್ಕದಲ್ಲಿ ಭಾಗಾಕಾರ ಸುಲಭ, ಭಾಜಕವನ್ನು ಗೊತ್ತುಮಾಡುವುದು ಕಷ್ಟ. ಏಕೆಂದರೆ ಒಂದೇ ಹೆಸರಿನ ಮಾನ ಊರು, ಕಾಲ ಮತ್ತು ಸರಕಿಗೆ ತಕ್ಕಂತೆ ಬೇರೆ ಬೇರೆ ತೂಗುತ್ತಿತ್ತು. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಯೆಣೆಗೂರು, ಅದರ ತಾಲ್ಲೂಕು ಕೇಂದ್ರವಾದ ಉಮರ್ಗಾ, ನೆರೆಯ ನಿಲಂಗಾ ಮತ್ತು ಉದಗೀರಗಳು ಸೇರಿದ ಗಡಿಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದುಗಳ ಜೊತೆಗೆ ಹಲವು ತೂಕಪದ್ಧತಿಗಳೂ ಕೂಡಿಕೊಂಡದ್ದರಿಂದ ಈ ತೊಡಕು ಅಲ್ಲಿ ಎದ್ದುಕಾಣುತ್ತದೆ.

ಆಡಳಿತದ ಹಿನ್ನೆಲೆ: ಈ ಮೂರು ತಾಲ್ಲೂಕುಗಳೂ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು, ನಿಲಂಗಾ ಮತ್ತು ಉದಗೀರ ಬೀದರ ಜಿಲ್ಲೆಯ ಭಾಗಗಳಾಗಿದ್ದವು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಇವು ಮುಂಬಯಿ ರಾಜ್ಯಕ್ಕೂ, ನೆರೆಯ ಆಳಂದ, ಬಸವಕಲ್ಯಾಣ, ಭಾಲ್ಕಿಗಳು ಮೈಸೂರು ರಾಜ್ಯಕ್ಕೂ ಹೋದವು. ಅದೇ ವರ್ಷ ಸಂಸತ್ತು ತೂಕ ಮತ್ತು ಅಳತೆಗಳ ಮಾನಕ ಕಾಯಿದೆಯನ್ನು ಅಂಗೀಕರಿಸಿತು. ಮೆಟ್ರಿಕ್ ತೂಕಗಳು 1958ರ ಅಕ್ಟೋಬರಿನಲ್ಲಿ ಆಯ್ದ ಪ್ರದೇಶಗಳಲ್ಲಿ ಬಳಕೆಗೆ ಬಂದು, 1962ರ ಏಪ್ರಿಲ್ ಹೊತ್ತಿಗೆ ದೇಶದಾದ್ಯಂತ ಕಡ್ಡಾಯವಾದವು. ಹೀಗೆ ಸೀಮೆ ಎರಡಾದ ಕೆಲವೇ ವರ್ಷಗಳಲ್ಲಿ ಗಡಿಯ ಎರಡೂ ಬದಿಯ ತಕ್ಕಡಿಗೆ ಒಂದೇ ಕಿಲೊಗ್ರಾಂ ಬಂದಿತು.

ಇತ್ತೀಚಿನ ಹಳೆಯ ಮಾನಗಳು: ಬ್ರಿಟಿಷ್ ಭಾರತದಲ್ಲಿ 1833ರಲ್ಲಿ 180 ಗ್ರೇನಿನಂತೆ ಗೊತ್ತುಪಡಿಸಿದ ತೊಲವೇ ಪರಿವರ್ತನೆಯ ಆಧಾರ, ಇದು 11.6638 ಗ್ರಾಂ. 8 ಗುಂಜಿ, ಅಂದರೆ ಗುಲಗಂಜಿ ಬೀಜದ ತೂಕ, ಸೇರಿ ಒಂದು ಮಾಸವೂ 12 ಮಾಸ ಸೇರಿ ಒಂದು ತೊಲವೂ ಆಗುವುದರಿಂದ ಗುಂಜಿಯ ತೂಕ 0.1215 ಗ್ರಾಂ. ಮೇಲಕ್ಕೆ 5 ತೊಲ ಒಂದು ಛಟಾಕು (58.32 ಗ್ರಾಂ), 4 ಛಟಾಕು ಒಂದು ಪಾವು (233.28 ಗ್ರಾಂ), 4 ಪಾವು ಒಂದು ಸೇರು (933.10 ಗ್ರಾಂ), 40 ಸೇರು ಒಂದು ಮಣ (37.324 ಕಿಲೊಗ್ರಾಂ). ಹೈದರಾಬಾದ್ ಸಂಸ್ಥಾನದ ಧಾನ್ಯ ವ್ಯಾಪಾರದಲ್ಲಿ 3 ಮಣಗಳ, ಎಂದರೆ 120 ಸೇರಿನ, ಪಲ್ಲವೂ ಇತ್ತು. ಇದು ಸುಮಾರು 112 ಕಿಲೊಗ್ರಾಂ.

ಗ್ರಾಂ ಸಂಖ್ಯೆಯನ್ನು 11.6638ರಿಂದ ಭಾಗಿಸಿದರೆ ತೊಲ ಬರುತ್ತದೆ. ಉಳಿದ ದಶಮಾಂಶವನ್ನು 12ರಿಂದ ಗುಣಿಸಿದರೆ ಮಾಸ, ಅದರಲ್ಲೂ ಉಳಿದುದನ್ನು 8ರಿಂದ ಗುಣಿಸಿದರೆ ಗುಂಜಿ. ಈ ಕ್ರಮದಲ್ಲಿ 25 ಗ್ರಾಂ ಚಿನ್ನ 2 ತೊಲ 1 ಮಾಸ ಸುಮಾರು 5¾ ಗುಂಜಿಯಾಗುತ್ತದೆ. ಕಿಲೊಗ್ರಾಮನ್ನು 0.9331ರಿಂದ ಭಾಗಿಸಿದರೆ ಸೇರು ಬರುವುದರಿಂದ ಒಂದು ಕ್ವಿಂಟಲ್ ತೊಗರಿ 2 ಮಣ 27 ಸೇರು ಸುಮಾರು 2¾ ಛಟಾಕು.

ಒಂದೇ ಹೆಸರು, ಹಲವು ತೂಕ: ಮೇಲಿನದು 80 ತೊಲದ ಪಕ್ಕಾ ಸೇರಿನ ಲೆಕ್ಕ. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲದ್ದಾದ್ದರಿಂದ ಅಲ್ಲಿಯ 40 ಸೇರಿನ ಮಣ ಸುಮಾರು 11.2 ಕಿಲೊಗ್ರಾಂ ಮಾತ್ರ. ಮುಂಬಯಿಯ ಮಣ 28 ಪೌಂಡು, ಎಂದರೆ 12.7 ಕಿಲೊಗ್ರಾಂ. ರೂಪಾಯಿ ನಾಣ್ಯವನ್ನೇ ತೂಕದ ಬಟ್ಟಾಗಿ ಎಣಿಸಿದ ಲೆಕ್ಕಗಳಲ್ಲಿ ಇನ್ನೊಂದು ಎಚ್ಚರ ಬೇಕು: ಬ್ರಿಟಿಷ್ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ ತೂಗಿದರೆ, ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಸುಮಾರು 11.18 ಗ್ರಾಂ ಇತ್ತು. ಜೋಳವನ್ನು ಅಳೆದು ಕೊಡುತ್ತಿದ್ದ ಸೇರು ತೂಕವಲ್ಲ, ಗಾತ್ರದ ಅಳತೆ. ಧಾನ್ಯ ಯಾವುದೆಂದು ತಿಳಿಯದೆ ಅದನ್ನು ಕಿಲೊಗ್ರಾಮಿಗೆ ಹೊಂದಿಸಲಾಗದು.

ಪ್ರಾಚೀನ ಮಾನಗಳು: ಇನ್ನೂ ಹಿಂದಕ್ಕೆ ಹೋಗಲು ಗುಂಜಿಯೇ ಸೇತುವೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 5 ಗುಂಜಿ ಒಂದು ಸುವರ್ಣಮಾಷ, 16 ಮಾಷ ಒಂದು ಕರ್ಷ, 4 ಕರ್ಷ ಒಂದು ಪಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯ ಚಿನ್ನಕ್ಕೆ 5 ಗುಂಜಿ ಒಂದು ಪಣ, 8 ಪಣ ಒಂದು ಧರಣ, 2 ಧರಣ ಒಂದು ಕರ್ಷ ಎಂಬ ಬೇರೆ ಮೆಟ್ಟಿಲುಗಳನ್ನು ಕೊಟ್ಟರೂ ಕರ್ಷ ಎರಡರಲ್ಲೂ 80 ಗುಂಜಿಗೇ ಬಂದು ನಿಲ್ಲುತ್ತದೆ. ಲತ್ತಲೂರು, ಎಂದರೆ ಇಂದಿನ ಲಾತೂರು, ರಾಷ್ಟ್ರಕೂಟರ ಬಿರುದಿನಲ್ಲಿರುವ ಮೂಲಸ್ಥಾನವಾದ್ದರಿಂದ ಈ ಕೋಷ್ಟಕ ಯೆಣೆಗೂರಿನ ಸೀಮೆಗೆ ಹೊರಗಿನದಲ್ಲ.

ತೊಲದಿಂದ ಪಡೆದ 0.1215 ಗ್ರಾಮಿನ ಗುಂಜಿಯನ್ನು ಹಿಡಿದರೆ ಕರ್ಷ 9.72 ಗ್ರಾಂ, ಪಲ 38.88 ಗ್ರಾಂ, ಒಂದು ಕಿಲೊಗ್ರಾಂ 25.7 ಪಲ. ನಾಣ್ಯಶಾಸ್ತ್ರಜ್ಞ ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ ಬಳಸಿದ 1.83 ಗ್ರೇನಿನ ಗುಂಜಿಯನ್ನು ಹಿಡಿದರೆ ಅದೇ ಕಿಲೊಗ್ರಾಂ 26.4 ಪಲ. ಬೀಜದಿಂದ ಬೀಜಕ್ಕೆ ತೂಕ ಬದಲಾಗುವುದರಿಂದ ಪ್ರಾಚೀನ ಮಾನಕ್ಕೆ ಒಂದೇ ಅಂಕಿಯ ಬದಲು ಇಂಥ ಎರಡು ಎಲ್ಲೆಗಳನ್ನು ಕೊಡುವುದು ಉಚಿತ. ಇದಕ್ಕೆ ಹೊರತಾದದ್ದು ಆಯುರ್ವೇದ: ಅಧಿಕೃತ ಔಷಧಸಂಹಿತೆಯು ಗುಂಜಿಗೆ 125 ಮಿಲಿಗ್ರಾಂ, 96 ಗುಂಜಿಯ ಕರ್ಷಕ್ಕೆ 12 ಗ್ರಾಂ, ಪಲಕ್ಕೆ 48 ಗ್ರಾಂ ಎಂದು ಕಟ್ಟುಮಾಡಿದೆ.

ಇಂದಿನ ರೂಢಿ: ಕಾಯಿದೆ ಹಳೆಯ ತೂಕಗಳನ್ನು ತೆಗೆದರೂ ಹೆಸರುಗಳು ಉಳಿದು ಮೆಟ್ರಿಕ್ ಬೆಲೆಯನ್ನು ಹೊದ್ದಿವೆ. ತರಕಾರಿ ಅಂಗಡಿಯ ಪಾವು ಕಿಲೊ 250 ಗ್ರಾಂ; ಚಿನ್ನದ ಪೇಟೆಯಲ್ಲಿ ತೊಲವೆಂದರೆ ಹೆಚ್ಚಾಗಿ 10 ಗ್ರಾಂ. ಆದ್ದರಿಂದ ಹಳೆಯ ಪತ್ರದಲ್ಲಿ 6 ತೊಲ ಎಂದಿರುವ ಒಡವೆ ಸುಮಾರು 70 ಗ್ರಾಂ. ಅದೇ ಮಾತು ಇಂದಿನ ಪೇಟೆಯಲ್ಲಿ 60 ಗ್ರಾಂ.